ವ್ಯಾಟಿಗೆ ಕಡಿವಾಣ, ಬ್ಯಾಟರಿಗೆ ಬಿಡುವು

ಇಂಟೆಲ್ ಕಂಪನಿ 2022ರಲ್ಲಿ ಕೋರ್ ಐ5-1240ಪಿ ಎಂಬ ಪ್ರೊಸೆಸರನ್ನು ತಂದಿತು. ಮಧ್ಯಮ ಬೆಲೆಯ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇವತ್ತಿಗೂ ಅದೇ ದುಡಿಯುತ್ತಿದೆ. ಅದರ ವಿವರಪಟ್ಟಿ ತೆರೆದರೆ ವಿದ್ಯುತ್ತಿಗೆ ಸಂಬಂಧಿಸಿದ ಎರಡು ಮುಖ್ಯ ಅಂಕಿಗಳು ಸಿಗುತ್ತವೆ: ಒಂದು 28 ವ್ಯಾಟ್, ಇನ್ನೊಂದು 64 ವ್ಯಾಟ್. ಎಡೆಬಿಡದೆ ಕೆಲಸ ಕೊಟ್ಟಾಗ ಅದು ನೆಲೆ ನಿಲ್ಲಬೇಕಾದ ಮಟ್ಟ 28. ತುಸು ಹೊತ್ತಿನ ಮಟ್ಟಿಗೆ ಜಿಗಿಯಬಹುದಾದ ಎತ್ತರ 64. ಇಂಥ ಲ್ಯಾಪ್‌ಟಾಪ್‌ಗಳ ಬ್ಯಾಟರಿ ಸಾಮಾನ್ಯವಾಗಿ 50 ವ್ಯಾಟ್-ಗಂಟೆಯ ಆಸುಪಾಸಿನದು. ಅಂದರೆ 50 ವ್ಯಾಟ್‌ನಂತೆ ಎಳೆದರೆ ಒಂದು ಗಂಟೆ, 10 ವ್ಯಾಟ್‌ನಂತೆ ಎಳೆದರೆ ಐದು ಗಂಟೆ. ಪ್ರೊಸೆಸರೊಂದೇ 64 ವ್ಯಾಟ್ ಹೀರುತ್ತ ಕೂತರೆ, ಪರದೆ ಮತ್ತಿತರ ಭಾಗಗಳ ಪಾಲೂ ಸೇರಿ, ಪೂರ್ತಿ ಚಾರ್ಜ್ ಆದ ಬ್ಯಾಟರಿ ಮುಕ್ಕಾಲು ಗಂಟೆಯೂ ಬಾಳುವುದಿಲ್ಲ.

ನಿಜದಲ್ಲಿ ಹಾಗೆ ಆಗುವುದಿಲ್ಲ, ಯಾಕೆಂದರೆ ಆ ಜಿಗಿತಕ್ಕೆ ಕಾಲಮಿತಿ ಇದೆ. ಸಾಮಾನ್ಯವಾಗಿ 28 ಸೆಕೆಂಡ್. ಲ್ಯಾಪ್‌ಟಾಪ್ ತಯಾರಕರು ತಮ್ಮ ಫ್ಯಾನು, ತಮ್ಮ ಕವಚದ ತಾಕತ್ತು ನೋಡಿಕೊಂಡು ಹೆಚ್ಚು ಕಡಿಮೆ ಮಾಡುತ್ತಾರೆ. ಆದರೆ ಜಿಗಿತ ಒಂದೇ ಸಲ ಮುಗಿಯುವಂಥದ್ದಲ್ಲ. ಬ್ರೌಸರಿನಲ್ಲಿ ಒಂದು ಪುಟ ತೆರೆದಿರಿ, ಪ್ರೊಸೆಸರ್ ಜಿಗಿಯಿತು. ಎಕ್ಸೆಲ್ ಕಡತ ತೆರೆದಿರಿ, ಮತ್ತೆ ಜಿಗಿಯಿತು. ಹಿನ್ನೆಲೆಯಲ್ಲಿ ಆ್ಯಂಟಿವೈರಸ್ ಎದ್ದಿತು, ಮಗದೊಮ್ಮೆ. ದಿನವಿಡೀ ಹೀಗೆ ಹತ್ತಿ ಇಳಿದು ಮಾಡಿದ ಲೆಕ್ಕವೇ ಸಂಜೆಯ ಹೊತ್ತಿಗೆ ‘ಯಾಕೋ ಚಾರ್ಜೇ ನಿಲ್ಲಲ್ಲ’ ಎಂಬ ದೂರಾಗಿ ಹೊರಬೀಳುವುದು. ಹತ್ತು ಗಂಟೆ ಬರುತ್ತದೆಂದು ಅಂಗಡಿಯಲ್ಲಿ ಹೇಳಿದ್ದು ನಾಲ್ಕಕ್ಕೆ ಇಳಿದಾಗ ನಾವು ಬ್ಯಾಟರಿಯನ್ನು ಬೈಯುತ್ತೇವೆ. ಬ್ಯಾಟರಿಯ ತಪ್ಪಿರಬಹುದು. ಹಲವು ಸಲ ತಪ್ಪು ಆ ಎರಡು ಅಂಕಿಗಳದ್ದು. ಅವುಗಳನ್ನು ನಾವೇ ಇಳಿಸಬಹುದು ಎಂಬುದನ್ನು ಯಾರೂ ನಮಗೆ ಹೇಳಿರುವುದಿಲ್ಲ. ಈ ಬರಹ ಅದಕ್ಕಾಗಿ.

ಇಂಟೆಲ್‌ನವರ ಭಾಷೆಯಲ್ಲಿ ದೀರ್ಘಾವಧಿ ಮಿತಿಗೆ ಪಿಎಲ್1 ಎಂದೂ ಅಲ್ಪಾವಧಿ ಮಿತಿಗೆ ಪಿಎಲ್2 ಎಂದೂ ಹೆಸರು. ಪಿಎಲ್ ಅಂದರೆ ಪವರ್ ಲಿಮಿಟ್. ಎಎಂಡಿಯವರಲ್ಲಿ ಫಾಸ್ಟ್ ಲಿಮಿಟ್, ಸ್ಲೋ ಲಿಮಿಟ್ ಎಂದು ಎರಡಿವೆ, ಜೊತೆಗೆ ಎಸ್‌ಟಿಎಪಿಎಂ ಎಂಬ ಮೂರನೆಯದು. ಈ ಮೂರನೆಯದು ಲ್ಯಾಪ್‌ಟಾಪಿನ ಮೈ ಎಷ್ಟು ಬಿಸಿಯಾದರೆ ತೊಡೆಯ ಮೇಲೆ, ಅಂಗೈ ಕೆಳಗೆ ಸಹಿಸಲಾಗುವುದಿಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ರೂಪಿಸಿದ ಮಿತಿ. ಹೆಸರು ಯಾವುದಾದರೂ ಕೆಲಸ ಒಂದೇ. ಚಿಪ್ಪು ತಾನು ಎಷ್ಟು ಶಕ್ತಿ ಬಳಸುತ್ತಿದ್ದೇನೆಂದು ಕ್ಷಣಕ್ಷಣಕ್ಕೂ ಲೆಕ್ಕ ಇಡುತ್ತದೆ, ಸರಾಸರಿ ಮಿತಿ ಮುಟ್ಟಿದ ಕೂಡಲೇ ವೇಗ ಇಳಿಸಿಕೊಳ್ಳುತ್ತದೆ. ಇಂಟೆಲ್ ಈ ವ್ಯವಸ್ಥೆಯನ್ನು 2011ರ ಸ್ಯಾಂಡಿ ಬ್ರಿಡ್ಜ್ ತಲೆಮಾರಿನಿಂದ ಚಿಪ್ಪಿನೊಳಗೇ ಇಟ್ಟಿದೆ. ಅಂಕಿಯನ್ನು ಬದಲಿಸಲು ಬಿಚ್ಚುವುದು, ಬೆಸುಗೆ ಹಾಕುವುದು ಏನೂ ಬೇಡ. ತಂತ್ರಾಂಶದಿಂದ ಬರೆದರೆ ಸಾಕು.

ವೇಗ ಇಳಿಸಿದರೆ ಕೆಲಸ ಅಷ್ಟೇ ಹೆಚ್ಚು ಹೊತ್ತು ಹಿಡಿಯುತ್ತದಲ್ಲ, ಉಳಿತಾಯ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಬಹಳ ಒಳ್ಳೆಯ ಪ್ರಶ್ನೆ ಅದು, ಇಡೀ ವಿಷಯದ ತಿರುಳು ಅಲ್ಲೇ ಇದೆ. ಪ್ರೊಸೆಸರಿನ ಒಳಗೆ ಕೋಟ್ಯಂತರ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಶತಕೋಟಿ ಸಲದ ಲೆಕ್ಕದಲ್ಲಿ ತೆರೆದು ಮುಚ್ಚುತ್ತಿರುತ್ತವೆ. ಒಂದೊಂದು ಸಲಕ್ಕೂ ಚೂರು ಶಕ್ತಿ ಖರ್ಚಾಗುತ್ತದೆ, ಆ ಚೂರು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವೋಲ್ಟೇಜು ಇಮ್ಮಡಿಯಾದರೆ ಖರ್ಚು ನಾಲ್ಮಡಿ. ಹೆಚ್ಚು ವೇಗವಾಗಿ ತೆರೆದು ಮುಚ್ಚಬೇಕಾದರೆ ಹೆಚ್ಚು ವೋಲ್ಟೇಜು ಬೇಕೇ ಬೇಕು. ಹಾಗಾಗಿ ವೇಗಕ್ಕೆ ನಾವು ಎರಡು ಕಡೆ ಬೆಲೆ ತೆರುತ್ತೇವೆ.

ಉದಾಹರಣೆಗೆ ಒಂದು ಪ್ರೊಸೆಸರಿಗೆ 3 ಗಿಗಾಹರ್ಟ್ಸ್‌ನಲ್ಲಿ ಓಡಲು 0.9 ವೋಲ್ಟ್ ಸಾಕು, 4 ಗಿಗಾಹರ್ಟ್ಸ್‌ಗೆ 1.2 ವೋಲ್ಟ್ ಬೇಕು ಎಂದಿಟ್ಟುಕೊಳ್ಳಿ. ವೇಗ ಹೆಚ್ಚಿದ್ದು ಮೂರರಲ್ಲಿ ಒಂದು ಪಾಲು. ವೋಲ್ಟೇಜಿನ ವರ್ಗ ಸುಮಾರು 1.78 ಪಟ್ಟಾಯಿತು. ಎರಡನ್ನೂ ಗುಣಿಸಿದರೆ ಕ್ಷಣಕ್ಷಣದ ಖರ್ಚು 2.37 ಪಟ್ಟು. ಕೆಲಸ ಬೇಗ ಮುಗಿಯಿತೆಂದು ಸಮಯದ ಲಾಭವನ್ನು ಕಳೆದರೂ, ಅದೇ ಕೆಲಸಕ್ಕೆ ಮುಕ್ಕಾಲು ಪಾಲಿಗೂ ಹೆಚ್ಚು ಶಕ್ತಿಯನ್ನು ಮೇಲೆ ಸುರಿದಂತಾಯಿತು. ಕೊನೆಯ ಆ ಒಂದು ಗಿಗಾಹರ್ಟ್ಸ್ ಅಷ್ಟು ದುಬಾರಿ. ಪವರ್ ಲಿಮಿಟ್ ಇಳಿಸುವುದೆಂದರೆ ಆ ದುಬಾರಿ ತುದಿಯನ್ನು ಕತ್ತರಿಸುವುದು. ತಳದ ಅಗ್ಗದ ಭಾಗ ಹಾಗೇ ಉಳಿಯುತ್ತದೆ.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. ಇಂಟೆಲ್‌ನ ಐ5-7200ಯು ಪ್ರೊಸೆಸರಿನಲ್ಲಿ ಎರಡು ಕೋರ್‌ಗಳಿದ್ದವು, ಮೂಲ ವೇಗ 2.5 ಗಿಗಾಹರ್ಟ್ಸ್, ಮಿತಿ 15 ವ್ಯಾಟ್. 2017ರಲ್ಲಿ ಅದರ ಜಾಗಕ್ಕೆ ಐ5-8250ಯು ಬಂತು. ನಾಲ್ಕು ಕೋರ್, ಮೂಲ ವೇಗ 1.6 ಗಿಗಾಹರ್ಟ್ಸ್, ಮಿತಿ ಅದೇ 15 ವ್ಯಾಟ್. ಹೊಸ ಪ್ರೊಸೆಸರಿನ ಮೂಲ ವೇಗ ಕಡಿಮೆ ಎಂದು ಕೊಂಡವರಲ್ಲಿ ಕೆಲವರು ಗಾಬರಿಯಾದರು. ಆದರೆ ಎಲ್ಲ ಕೋರ್‌ಗಳಿಗೂ ಹಂಚಬಹುದಾದ ಕೆಲಸದಲ್ಲಿ ನಾಲ್ಕು ನಿಧಾನದ ಕೋರ್‌ಗಳು ಎರಡು ಚುರುಕಿನ ಕೋರ್‌ಗಳನ್ನು ಅಷ್ಟೇ ವಿದ್ಯುತ್ತಿನಲ್ಲಿ ಸುಲಭವಾಗಿ ಹಿಂದೆ ಹಾಕಿದವು. ಇದೇ 8250ಯು ಪ್ರೊಸೆಸರಿಗೆ ಇಂಟೆಲ್ 10 ವ್ಯಾಟ್‌ನ ಇಳಿಸಿದ ಮಿತಿಯನ್ನೂ ಅಧಿಕೃತವಾಗಿ ಕೊಟ್ಟಿದೆ. ತೆಳ್ಳನೆಯ ಲ್ಯಾಪ್‌ಟಾಪ್ ಮಾಡುವವರು ಬೇಕಾದರೆ ಬಳಸಿಕೊಳ್ಳಲಿ ಎಂದು. ಮಿತಿ ಇಳಿಸುವುದು ಯಾರೋ ಹುಡುಗರು ಕಂಡುಹಿಡಿದ ಕಳ್ಳದಾರಿ ಎಂದು ಭಯಪಡುವವರು ಈ ಮಾತನ್ನು ಗಮನಿಸಬೇಕು.

ಹಿಂದೊಂದು ಕಾಲದಲ್ಲಿ ಈ ತಲೆನೋವೇ ಇರಲಿಲ್ಲ. ಟ್ರಾನ್ಸಿಸ್ಟರನ್ನು ಕಿರಿದು ಮಾಡುತ್ತ ಹೋದಂತೆ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಬಹುದು, ಆಗ ಚಿಪ್ಪಿನ ಕಾವು ಏರುವುದಿಲ್ಲ ಎಂದು ಐಬಿಎಂನ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿದ್ದರು. ಮೂರು ದಶಕ ಉದ್ಯಮ ಆ ದಾರಿಯಲ್ಲೇ ನಡೆಯಿತು. 2005ರ ಸುಮಾರಿಗೆ ದಾರಿ ಮುಚ್ಚಿತು. ವೋಲ್ಟೇಜನ್ನು ಇನ್ನೂ ಇಳಿಸಿದರೆ ಟ್ರಾನ್ಸಿಸ್ಟರು ಮುಚ್ಚಿದ್ದಾಗಲೂ ವಿದ್ಯುತ್ತು ಸೋರುತ್ತದೆ. ಅಲ್ಲಿಂದೀಚೆಗೆ ವೇಗದ ಜಾಹೀರಾತೆಲ್ಲ ಅಲ್ಪಾವಧಿ ಜಿಗಿತದ ಮೇಲೆ ನಿಂತಿದೆ. ಪೆಟ್ಟಿಗೆಯ ಮೇಲೆ ಬರೆಯುವ 4.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಎಲ್ಲವೂ ಆ ದುಬಾರಿ ತುದಿಯ ಅಂಕಿಗಳೇ.

ಹಾಗಾದರೆ ಮಿತಿಯನ್ನು 3 ವ್ಯಾಟಿಗೋ 5 ವ್ಯಾಟಿಗೋ ಇಳಿಸಿಬಿಟ್ಟರೆ? ಇಲ್ಲಿ ಬಹಳ ಜನ ಎಡವುತ್ತಾರೆ. ಪ್ರೊಸೆಸರು ನಿಧಾನವಾದಷ್ಟೂ ಪರದೆ, ಮೆಮೊರಿ, ವೈಫೈ ಎಲ್ಲವೂ ಅದಕ್ಕಾಗಿ ಕಾಯುತ್ತ ತಮ್ಮ ಪಾಲಿನ ವಿದ್ಯುತ್ತು ತಿನ್ನುತ್ತಲೇ ಇರುತ್ತವೆ. ಅರ್ಥವಾಗಲಿ ಎಂದು ಒಂದು ಲೆಕ್ಕ ಹಿಡಿಯೋಣ. ಉಳಿದ ಭಾಗಗಳಿಗೆಲ್ಲ ಸೇರಿ 6 ವ್ಯಾಟ್ ಬೇಕು. ಒಂದು ವಿಡಿಯೊ ತಯಾರಿಸಲು ಪ್ರೊಸೆಸರಿಗೆ 28 ವ್ಯಾಟ್ ಕೊಟ್ಟರೆ 10 ನಿಮಿಷ. ಒಟ್ಟು 34 ವ್ಯಾಟ್, ಖರ್ಚು ಸುಮಾರು 5.7 ವ್ಯಾಟ್-ಗಂಟೆ. ಮಿತಿಯನ್ನು 14ಕ್ಕೆ ಇಳಿಸಿದರೆ 13 ನಿಮಿಷ ಹಿಡಿಯಿತು ಎನ್ನಿ. ಒಟ್ಟು 20 ವ್ಯಾಟ್, ಖರ್ಚು ಸುಮಾರು 4.3. ಮೂರು ನಿಮಿಷ ಹೆಚ್ಚು ಕಾದಿದ್ದಕ್ಕೆ ಕಾಲು ಭಾಗದಷ್ಟು ಉಳಿಯಿತು. ಇನ್ನೂ ಆಸೆಪಟ್ಟು 5 ವ್ಯಾಟಿಗೆ ಇಳಿಸಿದಿರಿ, ಅದೇ ಕೆಲಸ ಅರ್ಧ ಗಂಟೆಗೆ ಮುಗಿಯಿತು: 11 ವ್ಯಾಟ್, ಅರ್ಧ ಗಂಟೆ, 5.5. ಅಷ್ಟು ಹೊತ್ತು ಕಾದು ಗಿಟ್ಟಿದ್ದು ಹೆಚ್ಚುಕಮ್ಮಿ ಏನೂ ಇಲ್ಲ. ಸ್ಕೂಟರನ್ನು ನಲವತ್ತು ಐವತ್ತರ ವೇಗದಲ್ಲಿ ಓಡಿಸಿದರೆ ಸಿಗುವ ಮೈಲೇಜು ಎಂಬತ್ತರಲ್ಲೂ ಸಿಗುವುದಿಲ್ಲ, ಟ್ರಾಫಿಕ್ಕಿನಲ್ಲಿ ತೆವಳುವಾಗಲೂ ಸಿಗುವುದಿಲ್ಲವಲ್ಲ, ಹಾಗೆ. 15 ಅಥವಾ 28 ವ್ಯಾಟ್ ವರ್ಗದ ಲ್ಯಾಪ್‌ಟಾಪ್‌ಗಳಲ್ಲಿ 8ರಿಂದ 15 ವ್ಯಾಟ್‌ಗಳ ನಡುವೆ ಎಲ್ಲಾದರೂ ನಿಲ್ಲಿಸಿ ನೋಡುವುದು ಒಳ್ಳೆಯ ಆರಂಭ.

ಯಾವಾಗ ಇದರಿಂದ ಪ್ರಯೋಜನ ಇಲ್ಲ ಎಂಬುದನ್ನೂ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಸುಳ್ಳು ಆಸೆ ಹುಟ್ಟಿಸಿದಂತಾಗುತ್ತದೆ. ನೀವು ಪಿಡಿಎಫ್ ಓದುತ್ತಿದ್ದೀರಿ, ನುಡಿ ತಂತ್ರಾಂಶದಲ್ಲಿ ಲೇಖನ ಟೈಪು ಮಾಡುತ್ತಿದ್ದೀರಿ. ಆಗ ಪ್ರೊಸೆಸರು ಒಂದೆರಡು ವ್ಯಾಟಿನಲ್ಲಿ ತೂಕಡಿಸುತ್ತಿರುತ್ತದೆ. 28 ಇದ್ದ ಮಿತಿಯನ್ನು 12 ಮಾಡಿದರೂ ಅದು ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಅಲ್ಲಿ ದೊಡ್ಡ ಖರ್ಚು ಪರದೆಯದು, ಬೆಳಕು ತಗ್ಗಿಸುವುದೇ ಉಪಾಯ. ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪು ಇರುತ್ತದೆ. ಯಾವುದೋ ಒಂದು ತಂತ್ರಾಂಶ ಅದನ್ನು ಮಲಗಲು ಬಿಡದಿದ್ದರೆ ಪ್ರೊಸೆಸರಿನಲ್ಲಿ ಉಳಿಸಿದ್ದೆಲ್ಲ ಅಲ್ಲಿ ಹೋಗುತ್ತದೆ. ಮಿತಿ ಫಲ ಕೊಡುವುದು ನಡುನಡುವೆ ಭಾರ ಬೀಳುವ ಕೆಲಸಗಳಲ್ಲಿ: ಹಿನ್ನೆಲೆ ಮಸುಕು ಮಾಡಿಕೊಂಡು ಗಂಟೆಗಟ್ಟಲೆ ನಡೆಯುವ ವಿಡಿಯೊ ಮೀಟಿಂಗು, ಜಾಹೀರಾತು ತುಂಬಿದ ಇಪ್ಪತ್ತು ಮೂವತ್ತು ಟ್ಯಾಬುಗಳು, ಕೋಡ್ ಕಂಪೈಲ್ ಮಾಡುವುದು, ಫೋಟೊ ತಿದ್ದುವುದು, ಸಣ್ಣಪುಟ್ಟ ಆಟ. ಮಳೆಗಾಲದಲ್ಲಿ ಮಲೆನಾಡಿನ ಮನೆಯಿಂದ ಬೆಂಗಳೂರಿನ ಕಚೇರಿಗೆ ಕೆಲಸ ಮಾಡುವವರು, ಕರೆಂಟು ಹೋದಾಗ ಮೀಟಿಂಗಿನ ನಡುವೆ ಬ್ಯಾಟರಿಯ ಶೇಕಡಾವಾರು ನೋಡುತ್ತ ಕೂರುವವರು, ಇವರಿಗಂತೂ ನೇರ ಲಾಭ.

ಹಳೆಯ ಬ್ಯಾಟರಿ ಇದ್ದವರಿಗೆ ಇನ್ನೊಂದು ಲಾಭವಿದೆ, ನನ್ನ ಮಟ್ಟಿಗೆ ಅದು ಎಲ್ಲಕ್ಕಿಂತ ಮುಖ್ಯ. ಶೇಕಡಾ 25 ತೋರಿಸುತ್ತಿದ್ದ ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ ಪಟಕ್ಕನೆ ಆರಿಹೋಗುವುದನ್ನು ಅನೇಕರು ಕಂಡಿರುತ್ತೀರಿ. ಲಿಥಿಯಂ ಬ್ಯಾಟರಿ ಹಳತಾದಂತೆ ಅದರ ಒಳರೋಧ ಹೆಚ್ಚುತ್ತದೆ. ಒಮ್ಮೆಲೇ ಹೆಚ್ಚು ಕರೆಂಟು ಎಳೆದರೆ ಒಳಗೇ ವೋಲ್ಟೇಜು ಕುಸಿಯುತ್ತದೆ. ಪ್ರೊಸೆಸರು 40 ವ್ಯಾಟಿಗೋ 50 ವ್ಯಾಟಿಗೋ ಹಾರಿದ ಆ ಒಂದು ಕ್ಷಣ ವೋಲ್ಟೇಜು ಸುರಕ್ಷತಾ ಗೆರೆಗಿಂತ ಕೆಳಗಿಳಿಯಿತೆಂದರೆ ಬ್ಯಾಟರಿಯ ಕಾವಲು ಸರ್ಕೀಟು ಸಂಪರ್ಕ ಕಡಿಯುತ್ತದೆ. ಒಳಗೆ ಚಾರ್ಜು ಉಳಿದಿತ್ತು, ಅಷ್ಟು ರಭಸದಲ್ಲಿ ಕೊಡಲು ಅದಕ್ಕೆ ಶಕ್ತಿ ಇರಲಿಲ್ಲ ಅಷ್ಟೆ. ಅದಲ್ಲದೆ ಒಳರೋಧದಲ್ಲಿ ಬಿಸಿಯಾಗಿ ನಷ್ಟವಾಗುವ ವಿದ್ಯುತ್ತು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟು ಅರ್ಧವಾದರೆ ಆ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಅಲ್ಪಾವಧಿ ಮಿತಿಯನ್ನು 15 ವ್ಯಾಟ್ ಸುಮಾರಿಗೆ ಇಳಿಸಿದರೆ ಇಂಥ ಬ್ಯಾಟರಿ ತನ್ನಲ್ಲಿ ಉಳಿದಿದ್ದನ್ನು ಕೊನೆಯ ತನಕ ಕೊಡಬಲ್ಲದು. ಅಣ್ಣ ಬಳಸಿ ಬಿಟ್ಟ ಲ್ಯಾಪ್‌ಟಾಪಿನಲ್ಲೇ ಡಿಗ್ರಿ ಮುಗಿಸಬೇಕಾದ ತಂಗಿಗೆ ಹೊಸ ಬ್ಯಾಟರಿಯ ಖರ್ಚು ಒಂದಷ್ಟು ಕಾಲ ಮುಂದಕ್ಕೆ ಹೋಗುತ್ತದೆ.

ನಿಮ್ಮ ಬ್ಯಾಟರಿ ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯಲು ವಿಂಡೋಸ್‌ನಲ್ಲೇ ದಾರಿ ಇದೆ. ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಎಂಬ ಆಜ್ಞೆಗೆ ಓರೆಗೆರೆ ಹಾಕಿ ಬ್ಯಾಟರಿರಿಪೋರ್ಟ್ ಎಂದು ಸೇರಿಸಿದರೆ ಒಂದು ವರದಿ ತಯಾರಾಗುತ್ತದೆ. ಅದರಲ್ಲಿ ಡಿಸೈನ್ ಕೆಪ್ಯಾಸಿಟಿ, ಫುಲ್ ಚಾರ್ಜ್ ಕೆಪ್ಯಾಸಿಟಿ ಎಂಬ ಎರಡು ಸಾಲು ನೋಡಿ, ಮಿಲಿವ್ಯಾಟ್-ಗಂಟೆಯಲ್ಲಿ ಇರುತ್ತವೆ. ಮೊದಲನೆಯದು 50,000 ಇದ್ದು ಎರಡನೆಯದು 30,000ಕ್ಕೆ ಇಳಿದಿದ್ದರೆ ಐದರಲ್ಲಿ ಎರಡು ಪಾಲು ಈಗಾಗಲೇ ಸವೆದಿದೆ ಎಂದರ್ಥ. ಅದನ್ನು ಯಾವ ಮಿತಿಯೂ ಮರಳಿಸಲಾರದು.

ಇನ್ನು ಮಾಡುವ ಬಗೆ. ಸುಲಭದ್ದರಿಂದ ಶುರು ಮಾಡಿ. ಎಷ್ಟೋ ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀಲಿ ಒತ್ತಿಕೊಂಡು ಕ್ಯೂ ಒತ್ತಿದರೆ, ಏಸಸ್‌ನ ಹಲವು ಮಾದರಿಗಳಲ್ಲಿ ಎಫ್‌ಎನ್ ಜೊತೆ ಎಫ್ ಒತ್ತಿದರೆ ಮೋಡ್ ಬದಲಾಗುತ್ತದೆ. ಅದು ಫ್ಯಾನಿನ ಸದ್ದಿಗಷ್ಟೇ ಎಂದು ಬಹಳ ಮಂದಿ ತಿಳಿದಿದ್ದಾರೆ. ನಿಶ್ಶಬ್ದ ಮೋಡ್‌ನಲ್ಲಿ ಒಳಗಿನ ಪವರ್ ಲಿಮಿಟ್ ಕೂಡ ಇಳಿದಿರುತ್ತದೆ. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಉಳಿತಾಯದ ಪವರ್ ಮೋಡ್ ಇದೆ, ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ಪವರ್ ಸೇವರ್ ಇದೆ, ಆಪಲ್ ಲ್ಯಾಪ್‌ಟಾಪ್‌ಗಳಿಗೆ 2021ರ ಮ್ಯಾಕ್‌ಒಎಸ್ ಮಾಂಟೆರೆ ಆವೃತ್ತಿಯಿಂದ ಲೋ ಪವರ್ ಮೋಡ್ ಬಂದಿದೆ. ಅರ್ಧ ಜನರಿಗೆ ಇಷ್ಟೇ ಸಾಕು.

ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು ಶೇಕಡಾ 100ರಿಂದ 99ಕ್ಕೆ ಇಳಿಸುವ ಹಳೆಯ ಉಪಾಯವೂ ಇದೆ. ಒಂದೇ ಅಂಕಿ ಕಡಿಮೆ ಮಾಡಿದಂತೆ ಕಂಡರೂ ಅದು ಟರ್ಬೊ ಜಿಗಿತವನ್ನೇ ಪೂರ್ತಿ ನಿಲ್ಲಿಸುತ್ತದೆ. 3.4 ಗಿಗಾಹರ್ಟ್ಸ್‌ವರೆಗೆ ಹೋಗಬಲ್ಲ 8250ಯು 1.6ರ ಸುತ್ತಲೇ ಕಟ್ಟಿಹಾಕಿಸಿಕೊಳ್ಳುತ್ತದೆ. ಬ್ಯಾಟರಿ ಉಳಿಯುವುದು ನಿಜ, ಆದರೆ ಇದು ಒರಟು ದಾರಿ. ವ್ಯಾಟಿನ ಮಿತಿ ಇದಕ್ಕಿಂತ ಜಾಣತನದ್ದು. ಒಂದೇ ಕೋರ್ ಕೆಲಸ ಮಾಡುತ್ತಿದ್ದಾಗ 12 ವ್ಯಾಟಿನೊಳಗೇ ಅದು ಸಾಕಷ್ಟು ಎತ್ತರಕ್ಕೆ ಹೋಗಬಲ್ಲದು, ಎಲ್ಲ ಕೋರ್‌ಗಳೂ ಎದ್ದಾಗ ಮಾತ್ರ ತಾನಾಗಿ ತಗ್ಗುತ್ತದೆ.

ವ್ಯಾಟನ್ನೇ ಬರೆಯಬೇಕೆಂದರೆ ವಿಂಡೋಸ್‌ನ ಇಂಟೆಲ್ ಯಂತ್ರಗಳಿಗೆ ಥ್ರಾಟಲ್‌ಸ್ಟಾಪ್ ಎಂಬ ಉಚಿತ ತಂತ್ರಾಂಶವಿದೆ. ಅದರಲ್ಲಿ ಟಿಪಿಎಲ್ ಎಂಬ ಗುಂಡಿ ಒತ್ತಿದರೆ ದೀರ್ಘ, ಅಲ್ಪ ಎರಡೂ ಮಿತಿಗಳ ಚೌಕಗಳು ತೆರೆದುಕೊಳ್ಳುತ್ತವೆ. ಮೊದಲಿದ್ದ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬಳಿಕ 12 ಮತ್ತು 18 ಹಾಕಿ, ಒಂದು ದಿನ ನಿಮ್ಮ ಎಂದಿನ ಕೆಲಸ ಮಾಡಿ. ತೊಂದರೆ ಕಾಣದಿದ್ದರೆ ಇನ್ನೆರಡು ವ್ಯಾಟ್ ಇಳಿಸಿ, ಪುಟ ತೆರೆಯಲು ತಡವರಿಸಿದರೆ ಏರಿಸಿ. ಬ್ಯಾಟರಿಗೊಂದು, ಪ್ಲಗ್ ಹಾಕಿದಾಗ ಇನ್ನೊಂದು ಎಂದು ಬೇರೆ ಬೇರೆ ಪ್ರೊಫೈಲ್ ಇಡುವ ಅನುಕೂಲವೂ ಅದರಲ್ಲಿದೆ. ಎಎಂಡಿ ರೈಜೆನ್ ಇದ್ದವರಿಗೆ ರೈಜೆನ್‌ಅಡ್ಜ್ ಎಂಬುದಿದೆ. ಅಲ್ಲಿ ಅಂಕಿ ಮಿಲಿವ್ಯಾಟಿನಲ್ಲಿ: 15 ವ್ಯಾಟ್ ಎಂದರೆ 15000. ಲಿನಕ್ಸ್‌ನಲ್ಲಿ ಪವರ್‌ಕ್ಯಾಪ್ ಕಡತಕ್ಕೆ ಬರೆಯುವಾಗ ಮೈಕ್ರೊವ್ಯಾಟ್: 15000000. ಸೊನ್ನೆಗಳನ್ನು ಎರಡೆರಡು ಸಲ ಎಣಿಸಿ. ಒಂದು ಸೊನ್ನೆ ಬಿಟ್ಟುಹೋದರೆ ಒಂದೂವರೆ ವ್ಯಾಟ್ ಕೊಟ್ಟಂತಾಗಿ ಮೌಸಿನ ಬಾಣವೂ ತೆವಳತೊಡಗುತ್ತದೆ. ಹೆದರಬೇಕಿಲ್ಲ, ಯಂತ್ರವನ್ನು ಮರುಚಾಲನೆ ಮಾಡಿದರೆ ಹಳೆಯ ಮಿತಿಗಳು ವಾಪಸು ಬರುತ್ತವೆ. ಆ ಕಾರಣಕ್ಕೇ ಪ್ರತಿ ಸಲ ತಾನಾಗಿ ಜಾರಿಯಾಗುವಂತೆ ಹೊಂದಿಸಿಕೊಳ್ಳಬೇಕಾಗುತ್ತದೆ.

ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟು ಸಲ ಬರೆದರೂ ಅಂಕಿ ನಿಲ್ಲುವುದಿಲ್ಲ. ಮದರ್‌ಬೋರ್ಡಿನಲ್ಲಿರುವ ಇನ್ನೊಂದು ಸಣ್ಣ ನಿಯಂತ್ರಕ ಹಿಂದೆಯೇ ತನ್ನ ಅಂಕಿಯನ್ನು ಬರೆದುಬಿಡುತ್ತದೆ, ಇಲ್ಲವೇ ತಯಾರಕರು ಬಯಾಸ್‌ನಲ್ಲೇ ಬೀಗ ಹಾಕಿರುತ್ತಾರೆ. ಅಂಥಲ್ಲಿ ಮೋಡ್ ಬದಲಿಸುವ ಕೀಲಿಗಳೇ ಗತಿ.

ಮಿತಿ ಇಳಿಸುವುದನ್ನು ಅಂಡರ್‌ವೋಲ್ಟ್ ಮಾಡುವುದರ ಜೊತೆ ಗೊಂದಲ ಮಾಡಿಕೊಳ್ಳಬಾರದು. ಅಲ್ಲಿ ಅದೇ ವೇಗಕ್ಕೆ ಕಡಿಮೆ ವೋಲ್ಟೇಜು ಕೊಟ್ಟು ಓಡಿಸುತ್ತಾರೆ. ಉಳಿತಾಯ ದೊಡ್ಡದೇ, ಆದರೆ ಒಂದು ಹೆಜ್ಜೆ ಹೆಚ್ಚು ಇಳಿದರೆ ಲೆಕ್ಕ ತಪ್ಪುತ್ತದೆ, ಯಂತ್ರ ನಡುದಾರಿಯಲ್ಲಿ ಹೆಪ್ಪುಗಟ್ಟುತ್ತದೆ. 2019ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್, ಗ್ರಾಝ್, ಲೂವೆನ್‌ಗಳ ಸಂಶೋಧಕರು ಪ್ಲಂಡರ್‌ವೋಲ್ಟ್ ಎಂಬ ದಾಳಿಯನ್ನು ಬಯಲು ಮಾಡಿದರು. ವೋಲ್ಟೇಜನ್ನು ಬೇಕೆಂದೇ ತಗ್ಗಿಸಿ ಪ್ರೊಸೆಸರಿನ ಲೆಕ್ಕ ತಪ್ಪಿಸಿ, ಅದರ ಸುರಕ್ಷಿತ ಕೋಣೆಯ ಗುಟ್ಟುಗಳನ್ನು ಹೊರಗೆಳೆಯಬಹುದು ಎಂದು ತೋರಿಸಿಕೊಟ್ಟರು. ಆಮೇಲೆ ಹಲವು ತಯಾರಕರು ಆ ದಾರಿಯನ್ನು ಮುಚ್ಚಿದರು. ಪವರ್ ಲಿಮಿಟ್ಟಿಗೆ ಈ ಅಪಾಯ ಇಲ್ಲ. ವೇಗ ಎಷ್ಟಿರುತ್ತದೋ ಅದಕ್ಕೆ ತಕ್ಕ ವೋಲ್ಟೇಜು ಸಿಕ್ಕೇ ಸಿಗುತ್ತದೆ. ಯಂತ್ರ ನಿಧಾನವಾದೀತೇ ಹೊರತು ಲೆಕ್ಕ ತಪ್ಪುವುದಿಲ್ಲ, ಕೆಡುವುದೂ ಇಲ್ಲ.

ಇಷ್ಟು ನಿರಪಾಯದ, ಇಷ್ಟು ಉಪಯೋಗದ ಅಂಕಿಯನ್ನು ತಯಾರಕರು ಯಾಕೆ ಅಷ್ಟು ಆಳದಲ್ಲಿ ಹೂತಿಡುತ್ತಾರೆ? ಇರಬೇಕಾದ ರೀತಿಗೆ ಒಂದು ಮಾದರಿ ಕಣ್ಣೆದುರಿಗೇ ಇದೆ. ಅಮೆರಿಕದ ವಾಲ್ವ್ ಕಂಪನಿ 2022ರ ಫೆಬ್ರವರಿಯಲ್ಲಿ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಕಂಪ್ಯೂಟರನ್ನು ತಂದಿತು. ಆ ಮೊದಲ ಮಾದರಿಯ ಬ್ಯಾಟರಿ ಬರೀ 40 ವ್ಯಾಟ್-ಗಂಟೆ, ಪ್ರೊಸೆಸರಿನ ಗರಿಷ್ಠ 15 ವ್ಯಾಟ್. ಆಟ ಆಡುತ್ತಿದ್ದಂತೆಯೇ ಪಕ್ಕದ ಗುಂಡಿ ಒತ್ತಿದರೆ ಪರದೆಯ ಬದಿಯಲ್ಲಿ ಒಂದು ಪಟ್ಟಿ ಬರುತ್ತದೆ, ಅದರಲ್ಲಿ ಟಿಡಿಪಿ ಮಿತಿ, ಅಂದರೆ ಇದೇ ವ್ಯಾಟಿನ ಮಿತಿ, ಎಂಬ ಜಾರುಗುಂಡಿ. ಹಳೆಯ ಕಾಲದ ಹಗುರ ಆಟಕ್ಕೆ 5 ವ್ಯಾಟ್ ಸಾಕೆಂದು ಹುಡುಗರೇ ಬೆರಳಿನಿಂದ ಎಳೆದು ಇಡುತ್ತಾರೆ, ಬ್ಯಾಟರಿ ಇನ್ನೆಷ್ಟು ಹೊತ್ತು ಬರುತ್ತದೆಂದು ಅಲ್ಲೇ ನೋಡಿಕೊಳ್ಳುತ್ತಾರೆ. ಆಟಕ್ಕೊಂದರಂತೆ ಬೇರೆ ಬೇರೆ ಮಿತಿ ಇಟ್ಟುಕೊಳ್ಳುವುದೂ ಸಾಧ್ಯ. ಆಟದ ಸಾಮಾನಿಗೆ ಸಿಕ್ಕ ಈ ಸೌಕರ್ಯ ಓದುವ, ದುಡಿಯುವ ಲ್ಯಾಪ್‌ಟಾಪಿಗೂ ಸಿಗಬೇಕು.

ಕೊಳ್ಳುವ ಹೊತ್ತಿನಲ್ಲೂ ಈ ಅಂಕಿ ನಮಗೆ ಬೇಕು. ಒಂದೇ ಹೆಸರಿನ ಪ್ರೊಸೆಸರನ್ನು ಒಬ್ಬ ತಯಾರಕ 20 ವ್ಯಾಟಿನಲ್ಲಿ ಓಡಿಸುತ್ತಾನೆ, ಇನ್ನೊಬ್ಬ 35ರಲ್ಲಿ. ಎರಡೂ ಪೆಟ್ಟಿಗೆಗಳ ಮೇಲೆ ಬರೆದಿರುವುದು ಒಂದೇ ಹೆಸರು, ಒಂದೇ ಗಿಗಾಹರ್ಟ್ಸ್. ವೇಗ, ಬಿಸಿ, ಸದ್ದು, ಬ್ಯಾಟರಿ ನಾಲ್ಕರಲ್ಲೂ ಅವು ಬೇರೆ ಬೇರೆ ಯಂತ್ರಗಳು. ಬ್ಯಾಟರಿ ಎಷ್ಟು ವ್ಯಾಟ್-ಗಂಟೆಯದು, ಪ್ರೊಸೆಸರಿನ ದೀರ್ಘ ಮತ್ತು ಅಲ್ಪ ಮಿತಿ ಎಷ್ಟು, ಪ್ಲಗ್ ತೆಗೆದಾಗ ಎಷ್ಟಕ್ಕೆ ಇಳಿಯುತ್ತದೆ: ಈ ನಾಲ್ಕು ಅಂಕಿಗಳನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಲು ತಯಾರಕರಿಗೆ ಒಂದು ಸಾಲಿನ ಜಾಗ ಸಾಕು. ಅಲ್ಲಿಯತನಕ ಅಂಗಡಿಗೆ ಹೋದಾಗ ಇದನ್ನು ನಾವೇ ಕೇಳಬೇಕು, ಉತ್ತರ ಸಿಗದಿದ್ದರೆ ಇನ್ನೊಂದು ಅಂಗಡಿಯಲ್ಲಿ ಕೇಳಬೇಕು.